ಶಂಕರಪ್ಪನವರ ಒಂದಿಂಚಿನ ವಾಯುಪಡೆ

ಒಂದಿಂಚು ಎತ್ತರದ ಮನುಷ್ಯನಿಗೆ ಕಣ್ಣು, ಮೂಗು, ಬಾಯಿ ಬರೆಯುವ ಕಷ್ಟ ಏನೆಂಬುದು ನಿಮಗೆ ಗೊತ್ತಿದೆಯೆ? ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು, ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತೀರಿ. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ ಶಂಕರಪ್ಪನವರಿಗೆ ಆ ಭಾಗ್ಯ ಇರಲಿಲ್ಲ. ಸಂಬಳಕ್ಕೆ ಕೊರತೆಯಿಲ್ಲ, ಮಗಳು ಪ್ರಕೃತಿ (ಬಹುಪಾಲು ದಿನ) ಕಾಲೇಜಿಗೆ ಹೋಗುತ್ತಿದ್ದಳು, ಹೆಂಡತಿ ಶಾರದಮ್ಮನವರ ಕೈಯ ಬೇಳೆಸಾರಿಗೆ ಇಡೀ ಬ್ಲಾಕಿನ ಪಂಜಾಬಿಗಳೆಲ್ಲ ಶರಣಾಗಿದ್ದರು. ಆದರೂ ಆ ಮನುಷ್ಯ ವರ್ಷದಿಂದ ಒಳಗೊಳಗೇ ಕುದಿಯುತ್ತಿದ್ದರು.

ಹಿಂದಿನ ಕಥೆ ಸ್ವಲ್ಪ ಕೇಳಿ. ಶಂಕರಪ್ಪನವರಿಗೆ ಹುಡುಗನಾಗಿದ್ದಾಗ ವಾಯುಪಡೆ ಸೇರುವ ಹುಚ್ಚಿತ್ತು. ಕಣ್ಣಿನ ಪರೀಕ್ಷೆಯಲ್ಲಿ ಡಾಕ್ಟರು ತೋರಿಸಿದ ಅಕ್ಷರಗಳನ್ನು ಬಿಟ್ಟು ಪಕ್ಕದಲ್ಲಿ ತೂಗುಹಾಕಿದ್ದ ಕ್ಯಾಲೆಂಡರನ್ನು ಓದಿದ್ದರಿಂದ ಆ ಹುಚ್ಚು ಅಲ್ಲಿಗೇ ನಿಂತು, ಅವರು ಕೇಂದ್ರ ಸರ್ಕಾರದ ಕಡತಗಳ ಪಾಲಾದರು. ಆಕಾಶ ತಪ್ಪಿದರೂ ವಿಮಾನ ತಪ್ಪಲಿಲ್ಲ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಉಜ್ಜಿ, ಬಣ್ಣ ಹಚ್ಚಿ ಪುಟ್ಟ ಯುದ್ಧವಿಮಾನಗಳನ್ನು ಕಟ್ಟುವ ಕ್ಲಬ್ಬೊಂದಕ್ಕೆ ಸೇರಿಕೊಂಡರು. ಕಣ್ಣು ಮಂದವಾದವರು ಭಜನೆ ಕಲಿಯಬಹುದು, ವಾಕಿಂಗ್ ಹೋಗಬಹುದು. ಇವರು ಆರಿಸಿಕೊಂಡದ್ದು ಹದ್ದಿನ ಕಣ್ಣು ಬೇಕಾದ ಕಸುಬು. ಹಣೆಬರಹಕ್ಕೆ ಹೊಣೆ ಯಾರು?

ಬರೀ ವಿಮಾನ ಕಟ್ಟಿದರೆ ಮುಗಿಯಲಿಲ್ಲ. ಅದನ್ನು ಹಲಗೆಯ ಮೇಲೆ ನಿಲ್ಲಿಸಿ, ಕೆಳಗೆ ರನ್‌ವೇ ಮಾಡಿ, ಸುತ್ತ ಕೆಲಸ ಮಾಡುವ ಸಿಬ್ಬಂದಿಯನ್ನು ನಿಲ್ಲಿಸಿ ಒಂದು ದೃಶ್ಯವನ್ನೇ ಸೃಷ್ಟಿಸಬೇಕು. ಇದಕ್ಕೆ ಡಯೋರಾಮಾ ಎನ್ನುತ್ತಾರೆ. ಶಾರದಮ್ಮನವರು ಮಾತ್ರ ಮೊದಲಿನಿಂದಲೂ 'ನಿಮ್ಮ ಡ್ರಾಮಾ' ಎಂದೇ ಕರೆಯುತ್ತಿದ್ದರು.

ಕ್ಲಬ್ಬಿನ ಅಧ್ಯಕ್ಷರು ನಿವೃತ್ತ ವಿಂಗ್ ಕಮಾಂಡರ್ ಉತ್ತಯ್ಯ. ಕೊಡಗಿನವರು, ಈಗ ಗ್ರೇಟರ್ ನೋಯ್ಡಾದಲ್ಲಿ ಮನೆ. ನಿಂಬೆಹಣ್ಣು ನಿಲ್ಲಿಸಬಹುದಾದ ಮೀಸೆ, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ವಾರ್ಷಿಕ ಪ್ರದರ್ಶನಕ್ಕೆ ಅವರೊಬ್ಬರೇ ತೀರ್ಪುಗಾರರು. ಅವರ ಮಾತಿಗೆ ಮೇಲ್ಮನವಿ ಇಲ್ಲ. ಹೋದ ವರ್ಷ ಅವರು ಶಂಕರಪ್ಪನವರ ಹಲಗೆಯ ಮೇಲೆ ಬಗ್ಗಿ, ತುಂಬಾ ಹೊತ್ತು ನೋಡಿ, ನಾಲ್ಕು ಜನರ ಎದುರಿಗೆ ಹೇಳಿಬಿಟ್ಟರು: "ವಿಮಾನ ಫಸ್ಟ್ ಕ್ಲಾಸ್ ಶಂಕರಪ್ಪ. ಇವತ್ತೇ ಹಾರಿಸಬಹುದು. ಆದ್ರೆ ಈ ಮನುಷ್ಯರಲ್ಲಿ ಜೀವ ಇಲ್ಲ ನೋಡಿ. ಬಿಸ್ಕೆಟ್ ಪ್ಯಾಕೆಟ್ ಜೊತೆ ಫ್ರೀ ಬಂದ ಹಾಗಿದಾರೆ."

ಮೊದಲ ಬಹುಮಾನ ಹೃಷಿಕೇಶ್ ಎಂಬ, ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗನ ಪಾಲಾಯಿತು. ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನ ಒಂದಿಂಚಿನ ಸಿಪಾಯಿಗೆ ಮಾತ್ರ ಎಷ್ಟು ಚೆಂದದ ಮೀಸೆ ಬಂದಿತ್ತು ಎನ್ನುತ್ತೀರಿ. ಶಂಕರಪ್ಪನವರು ಆವತ್ತು ಮನೆಗೆ ಬಂದವರೇ ಶಪಥ ಮಾಡಿದರು. ಮುಂದಿನ ವರ್ಷ ಆ ಭೂತಗನ್ನಡಿಯ ಹಿಂದಿನ ಕಣ್ಣು ತಮ್ಮ ಮನುಷ್ಯರನ್ನು ನೋಡಿ 'ಜೀವ ಇದೆ' ಎನ್ನಬೇಕು. ಇಲ್ಲದಿದ್ದರೆ ಬ್ರಷ್ಷುಗಳನ್ನೆಲ್ಲ ಯಮುನೆಗೆ ಬಿಟ್ಟುಬಿಡುವುದು.

ಈ ಸಲ ವಿಮಾನ ಬೇಗ ಮುಗಿಯಿತು, ಒಂದು ಹಳೇ ಮಿಗ್. ಮಿಕ್ಕ ತಿಂಗಳುಗಳೆಲ್ಲ ಆರು ಜನ ಮನುಷ್ಯರಿಗೇ ಮೀಸಲು. ಒಬ್ಬ ಪೈಲಟ್, ಒಬ್ಬ ಏಣಿ ಹಿಡಿದವನು, ಒಬ್ಬ ಇಂಧನದ ಪೈಪು ಎಳೆಯುವವನು, ಒಬ್ಬ ಚಕ್ರಕ್ಕೆ ಅಡ್ಡ ಇಡುವವನು, ಸಲ್ಯೂಟ್ ಹೊಡೆಯುವ ಸರ್ದಾರ್ಜಿ ಒಬ್ಬರು, ಸುಮ್ಮನೆ ನಿಂತು ಚಹಾ ಕುಡಿಯುವವನೊಬ್ಬ (ಸರ್ಕಾರಿ ಕೆಲಸವೆಂದ ಮೇಲೆ ಅವನಿಲ್ಲದೆ ದೃಶ್ಯ ಪೂರ್ತಿಯಾಗದು). ಬಿಡಿಭಾಗಗಳ ಕಿಟ್ಟಿನಲ್ಲಿ ಬಂದವರು ಅಪ್ಪಟ ವಿಲಾಯಿತಿ ಸೈನಿಕರು. ಅವರ ಟೋಪಿ ಕೆರೆದು, ಟಿಶ್ಯೂ ಕಾಗದವನ್ನು ಅಂಟಿನಲ್ಲಿ ಅದ್ದಿ ಪಗಡಿ ಸುತ್ತಿ, ಕೈ ಕತ್ತರಿಸಿ ಬೇರೆ ಕೋನದಲ್ಲಿ ಅಂಟಿಸಿ, ಗುಂಡುಸೂಜಿಯ ಮೊನೆಯಿಂದ ಕಣ್ಣಿಟ್ಟು ಭಾರತೀಯ ಪ್ರಜೆಗಳನ್ನಾಗಿ ಮಾಡುವುದೇನು ತಮಾಷೆಯ ಮಾತೆ? ಕಣ್ಣಿಡುವಾಗ ಉಸಿರಾಡುವಂತಿಲ್ಲ, ಉಸಿರು ತಾಗಿದರೆ ಕಣ್ಣು ಕೆನ್ನೆಗಿಳಿಯುತ್ತದೆ. ಕಣ್ಣಿಡುವ ಹೊತ್ತಿಗೇ ಸರಿಯಾಗಿ ಶಾರದಮ್ಮನವರು ಒಗ್ಗರಣೆ ಹಾಕುತ್ತಿದ್ದರು.

"ರೀ, ಇವನಿಗೇನು ಹೊಟ್ಟೆನೋವಾ?" ಎಂದು ಅವರು ಒಂದು ಸಲ ಪೈಪಿನವನನ್ನು ನೋಡಿ ಕೇಳಿದರು.

"ಶ್ರಮ ಕಣೇ ಅದು. ಪೈಪು ಭಾರ ಇದೆ."

"ಶ್ರಮಪಡೋರ ಮುಖ ಹಾಗಿರಲ್ಲ. ನಿಮ್ಮ ಮುಖಾನೇ ಒಂದ್ಸಲ ಕನ್ನಡಿಯಲ್ಲಿ ನೋಡ್ಕೊಳ್ಳಿ, ಗೊತ್ತಾಗುತ್ತೆ."

"ನಿನಗೆ ಕಲೆ ಅರ್ಥ ಆಗಲ್ಲ ಶಾರದಾ."

"ಆಗಲ್ಲಪ್ಪ. ನನಗೆ ಅರ್ಥ ಆಗೋದು ಅನ್ನ ಸಾರು ಅಷ್ಟೇ. ಬನ್ನಿ, ಆರಿ ಹೋಗ್ತಿದೆ."

ಹೀಗೆ ಒಬ್ಬರ ಮಾತಿಗೆ ಇನ್ನೊಬ್ಬರು ಹಂಸಪಾದ ಹಾಕಿ ತಿದ್ದಿಕೊಂಡೇ ಸಂಸಾರ ಮತ್ತು ವಾಯುಪಡೆ ಎರಡೂ ಮುಂದುವರಿದು, ನವರಾತ್ರಿಯ ಹೊತ್ತಿಗೆ ಆರೂ ಜನ ತಯಾರಾದರು. ಪ್ರದರ್ಶನ ಆ ವಾರದ ಭಾನುವಾರ. ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಶಂಕರಪ್ಪನವರು ರಜೆ ಹಾಕಿ, ಚಹಾದವನ ಮೊಣಕೈಯ ಸಣ್ಣ ಬಿರುಕಿಗೆ ಪುಟ್ಟಿ ಮೆತ್ತಿ, ಕಲಸಿದ್ದರಲ್ಲಿ ಮಿಕ್ಕದ್ದನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಓಖ್ಲಾಕ್ಕೆ ಹೊರಟರು. ಅಲ್ಲಿನ ಕಾರ್ಖಾನೆಯೊಂದರಲ್ಲಿ ಡಯೋರಾಮಾದ ಮೇಲೆ ಮುಚ್ಚಲು ಗಾಜಿನಂಥ ಪ್ಲಾಸ್ಟಿಕ್ ಪೆಟ್ಟಿಗೆ ಮಾಡಲು ಕೊಟ್ಟಿದ್ದರು. ಪೆಟ್ಟಿಗೆಯ ಭಯ್ಯಾ 'ಬಸ್ ಪಾಂಚ್ ಮಿನಿಟ್' ಎಂದ. ದೆಹಲಿಯ ಐದು ನಿಮಿಷ ಎಷ್ಟುದ್ದ ಎಂದು ನಿಮಗೆ ಹೇಳಬೇಕಿಲ್ಲ. ಅವರು ಪೆಟ್ಟಿಗೆಯನ್ನು ತಬ್ಬಿಕೊಂಡು ಮನೆ ಸೇರಿದಾಗ ಸಂಜೆಯಾಗಿತ್ತು, ಮನೆ ತುಂಬ ಊದುಬತ್ತಿಯ ವಾಸನೆ.

ಮೇಜಿನ ಮೇಲೆ ಮಿಗ್ ಒಂದೇ ನಿಂತಿತ್ತು. ಸುತ್ತ ಒಂದು ನರಪಿಳ್ಳೆಯೂ ಇಲ್ಲ.

"ಶಾರದಾ," ಎಂದರು, ಕೀರಲು ಸ್ವರದಲ್ಲಿ. "ನನ್ನ ಜನ ಎಲ್ಲಿ?"

"ಇಲ್ಲೇ ಇದಾರೆ, ಗಾಬರಿ ಆಗ್ಬೇಡಿ. ಗೊಂಬೆ ಕೂರಿಸಿದೀನಿ."

ಶಾರದಮ್ಮನವರ ತವರು ಶ್ರೀರಂಗಪಟ್ಟಣ. ಮದುವೆಯಲ್ಲಿ ತಾಯಿ ಕೊಟ್ಟ ರಾಜ-ರಾಣಿಯ ಪಟ್ಟದ ಗೊಂಬೆಗಳನ್ನು ಪ್ರತಿ ದಸರೆಗೂ ಮೆಟ್ಟಿಲ ಮೇಲೆ ಕೂರಿಸಿ, ಕೆಳಗೆ ಅಂಗಡಿ ಶೆಟ್ಟರು, ಮದುವೆ ದಿಬ್ಬಣ, ವಾದ್ಯದವರು ಎಲ್ಲರನ್ನೂ ಜೋಡಿಸಿ ಆರತಿ ಎತ್ತುವುದು ಅವರು ಒಂದು ವರ್ಷವೂ ತಪ್ಪಿಸದ ವ್ರತ. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಲೇಬೇಕು, ಅದು ತವರಿನ ಪದ್ಧತಿ. ಈ ಸಲ ಆನ್‌ಲೈನಿನಲ್ಲಿ ತರಿಸಿದ ಪಾರ್ಸೆಲ್ ಬಿಚ್ಚಿ ನೋಡಿದರೆ ಚನ್ನಪಟ್ಟಣದ ಗೊಂಬೆಯ ಬದಲು ಮೊಬೈಲ್ ಸ್ಟ್ಯಾಂಡು ಇತ್ತು. ಮುಹೂರ್ತ ಮೀರುತ್ತಿತ್ತು. ಮೇಜಿನ ಮೇಲೆ ನೋಡಿದರೆ ಹೊಚ್ಚ ಹೊಸ ಗೊಂಬೆಗಳು, ಒಂದಲ್ಲ, ಆರು.

"ಪಪ್ಪಾ, ಸೋ ಕ್ಯೂಟ್ ಲಗ್ ರಹಾ ಹೈ," ಎಂದಳು ಪ್ರಕೃತಿ. "ರಾಗಿ ಪೈರಿನ ಪಾರ್ಕ್ ಇದೆಯಲ್ಲ, ಅದರ ಮುಂದೆ ನಿಲ್ಸಿದೀವಿ. ಏರ್ ಫೋರ್ಸ್ ಪಿಕ್ನಿಕ್."

"ಪಿಕ್ನಿಕ್ಕಾ? ಭಾನುವಾರ ಪ್ರದರ್ಶನ ಇದೆ ಕಣೇ. ತೆಗೆದು ಕೊಡು ಈಗ."

ಶಾರದಮ್ಮನವರು ಮಂಗಳಾರತಿ ತಟ್ಟೆಯನ್ನು ಕೆಳಗಿಟ್ಟರು. "ಆರತಿ ಆಗಿದೆ. ಕೂತ ಗೊಂಬೆನ ವಿಜಯದಶಮಿ ಆಗೋವರೆಗೂ ಕದಲಿಸೋ ಹಾಗಿಲ್ಲ."

ಶಂಕರಪ್ಪನವರು ಮೊದಲು ನಕ್ಕರು. ಆಮೇಲೆ ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದರು. ಮೂವತ್ತು ವರ್ಷ ಸರ್ಕಾರಿ ನಿಯಮಗಳನ್ನು ಅರೆದು ಕುಡಿದವರಾದ್ದರಿಂದ ಕಾನೂನಿನ ದಾರಿ ಹಿಡಿದರು. ಆರು ಜನವನ್ನು ಒಂದು ದಿನದ ಮಟ್ಟಿಗೆ ಡೆಪ್ಯುಟೇಶನ್ ಮೇಲೆ ಕಳಿಸಿ, ಸಂಜೆಗೆ ವಾಪಸ್ ಎಂದರು. "ರಾಜ-ರಾಣಿ ದರ್ಬಾರು ನಡೆಸ್ತಾ ಇರುವಾಗ ಸಭೆಯಿಂದ ಎದ್ದು ಹೋಗೋದು ಯಾವ ಮರ್ಯಾದೆ?" ಎಂದರು ಶಾರದಮ್ಮ. ಆರೂ ಜನ ನಿಂತಿದ್ದಾರೆ, ಕೂತಿಲ್ಲ, ಆದ್ದರಿಂದ 'ಕೂತ ಗೊಂಬೆ'ಯ ನಿಯಮ ಅನ್ವಯಿಸುವುದಿಲ್ಲ ಎಂದರು ಶಂಕರಪ್ಪನವರು. ಅದಕ್ಕೆ ಬಂದದ್ದು ಒಂದು ನೋಟ. ಕೊನೆಗೆ ಸುಪ್ರೀಂ ಕೋರ್ಟಿಗೇ ಹೋಗೋಣವೆಂದು ಶ್ರೀರಂಗಪಟ್ಟಣಕ್ಕೆ ಅತ್ತೆಗೆ ಫೋನು ಮಾಡಿದರು. ಅತ್ತೆ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

"ಕದಲಿಸ್ಬೇಡಿ ಅಳಿಯಂದ್ರೆ," ಎಂದರು. "ನಮ್ಮೆಜಮಾನರು ಒಂದು ವರ್ಷ ಮಧ್ಯದಲ್ಲಿ ಅಂಗಡಿ ಶೆಟ್ಟರನ್ನ ಎತ್ತಿ ಆ ಕಡೆ ಇಟ್ರು. ಅದೇ ವಾರ ಬಚ್ಚಲಿನಲ್ಲಿ ಜಾರಿ ಬಿದ್ರು. ಆಮೇಲೆ ನಿಮ್ಮಿಷ್ಟ."

ಅಳಿಯಂದಿರು ನಿಧಾನವಾಗಿ ಫೋನಿಟ್ಟರು.

ಉಳಿದದ್ದು ಒಂದೇ ದಾರಿ. ಧೈರ್ಯ ಮಾಡಿ ಉತ್ತಯ್ಯನವರಿಗೆ ಫೋನು ಮಾಡಿ, ಮನೆಯಲ್ಲಿ ಹೀಗೊಂದು ಧಾರ್ಮಿಕ ಅಡಚಣೆ, ಪ್ರದರ್ಶನವನ್ನು ಒಂದು ವಾರ ಮುಂದೂಡಲು ಸಾಧ್ಯವೇ ಎಂದು ಕೇಳಿದರು. "ಶಂಕರಪ್ಪ," ಎಂದಿತು ಆ ಕಡೆಯ ಮೀಸೆ, "ಒಬ್ಬನಿಗೋಸ್ಕರ ರನ್‌ವೇ ಕಾಯಲ್ಲ." ಮುಗಿಯಿತು.

ಆಮೇಲೆ ಶಂಕರಪ್ಪನವರು ಮುನಿಸಿಕೊಂಡರು. ಸಾಧಾರಣ ಮುನಿಸಲ್ಲ. ಗೊಂಬೆಗಳಿದ್ದ ಹಾಲಿನಲ್ಲಿ ಗೋಡೆಯ ಕಡೆ ಮುಖ ಮಾಡಿಕೊಂಡು ಅಡ್ಡಅಡ್ಡವಾಗಿ ನಡೆಯತೊಡಗಿದರು. ಒಮ್ಮೆ ಟೀವಿ ಸ್ಟ್ಯಾಂಡಿಗೆ ಮೊಣಕಾಲು ಬಡಿಯಿತು, ಒಮ್ಮೆ ಅರಿಶಿನ ಕುಂಕುಮಕ್ಕೆ ಬಂದಿದ್ದ ಪಕ್ಕದ ಮನೆಯಾಕೆಗೆ ಡಿಕ್ಕಿ ಹೊಡೆದು 'ಸಾರಿ ಭಾಭೀಜಿ' ಎಂದರು. ತಮ್ಮ ಆರು ತಿಂಗಳ ತಪಸ್ಸು ಅಂಗಡಿ ಶೆಟ್ಟರ ಕಾಲ ಬುಡದಲ್ಲಿ ನಿಂತಿರುವುದನ್ನು ಈ ಕಣ್ಣಿನಿಂದ ನೋಡುವುದಿಲ್ಲ ಎಂಬ ಹಟ. ಶಾರದಮ್ಮನವರಿಗೂ ಒಳಗೆ ಕರುಳು ಚುರುಕ್ ಎನ್ನುತ್ತಿತ್ತು. ಅದಕ್ಕಾಗಿ ಒಂದು ದಿನ ಗಸಗಸೆ ಪಾಯಸ, ಮರುದಿನ ಹೋಳಿಗೆ ಮಾಡಿ ನೋಡಿದರು. ಆತ ಎರಡನ್ನೂ ಚಪ್ಪರಿಸಿ ತಿಂದು ಮುನಿಸನ್ನು ಮಾತ್ರ ಬಿಡಲಿಲ್ಲ.

ದಾರಿ ತೋರಿಸಿದವಳು ಪ್ರಕೃತಿ. "ಪಪ್ಪಾ, ಸಿಂಪಲ್ ಹೈ ನಾ. ಗೊಂಬೆ ಜಡ್ಜ್ ಹತ್ರ ಹೋಗೋಕಾಗಲ್ಲ. ಜಡ್ಜೇ ಗೊಂಬೆ ಹತ್ರ ಬರ್ಲಿ."

ಶಂಕರಪ್ಪನವರು ಮಗಳನ್ನು ಹೊಸದಾಗಿ ನೋಡಿದಂತೆ ನೋಡಿದರು. ಇಷ್ಟು ದಿನ ಕಾಲೇಜಿಗೆ ಹೋದದ್ದಕ್ಕೂ ಸಾರ್ಥಕವಾಯಿತು. ತಕ್ಷಣ ಶಾರದಮ್ಮನವರಿಂದ ಉತ್ತಯ್ಯನವರ ಹೆಂಡತಿ ಬೊಳ್ಳಮ್ಮನವರಿಗೆ ಫೋನು ಹೋಯಿತು: ಶುಕ್ರವಾರ ಸಂಜೆ ಗೊಂಬೆ ನೋಡಲು ದಂಪತಿಗಳು ಬರಬೇಕು. ಬೊಳ್ಳಮ್ಮನವರು ಸಂತೋಷವಾಗಿ ಒಪ್ಪಿದರು. ಕೊಡಗಿನಲ್ಲಿ ಅವರ ಮನೆಯಲ್ಲಿ ಗೊಂಬೆ ಕೂರಿಸುವ ವಾಡಿಕೆಯಿಲ್ಲ, ನೋಡಬೇಕೆಂಬ ಆಸೆ ಮೊದಲಿಂದಲೂ ಇತ್ತಂತೆ.

ಶುಕ್ರವಾರ ಸಂಜೆ ಗ್ರೇಟರ್ ನೋಯ್ಡಾದಿಂದ ಟ್ರಾಫಿಕ್ಕು ಸೀಳಿಕೊಂಡು ಉತ್ತಯ್ಯ ದಂಪತಿಗಳು ಬಂದರು. ಬೊಳ್ಳಮ್ಮನವರು ಪಟ್ಟದ ಗೊಂಬೆಗೆ ಕೈ ಮುಗಿದು, ಶಾರದಮ್ಮನವರೊಡನೆ ಅಡುಗೆಮನೆ ಸೇರಿದರು. ಉತ್ತಯ್ಯನವರು ಜೇಬಿನಿಂದ ಭೂತಗನ್ನಡಿ ತೆಗೆದು, ಮಂಡಿಯೂರಿ, ರಾಗಿ ಪೈರಿನ ಮುಂದೆ ಬಗ್ಗಿದರು. ಶಂಕರಪ್ಪನವರು ಅವರ ಬೆನ್ನ ಹಿಂದೆ ನಿಂತರು. ಮುಂದೆ ವಿಶಾಲವಾದ ಒಂದು ವಿಂಗ್ ಕಮಾಂಡರ್ ಬೆನ್ನು, ಅದರಾಚೆ ಏನೂ ಕಾಣದು. ವರ್ಷವಿಡೀ ಕಾದದ್ದು ಈ ಗಳಿಗೆಗೇ.

"ಪೈಲಟ್... ಹ್ಞೂಂ," ಎಂದಿತು ಬೆನ್ನು. "ಏಣಿಯವನು. ಪೈಪಿನವನಿಗೇನು ಹೊಟ್ಟೆನೋವಾ?"

ಅಡುಗೆಮನೆಯ ಬಾಗಿಲಲ್ಲಿ ಒಂದು ಬಳೆಯ ಸದ್ದಾಯಿತು. ಶಂಕರಪ್ಪನವರು ತಿರುಗಿ ನೋಡಲಿಲ್ಲ.

"ಸರ್ದಾರ್ಜಿ ಪರವಾಗಿಲ್ಲ. ಚಹಾದವನೂ ಪರವಾಗಿಲ್ಲ. ಇಂಪ್ರೂವ್ ಆಗಿದೀರಿ ಶಂಕರಪ್ಪ. ಹೋದ ವರ್ಷ ಬಿಸ್ಕೆಟ್ ಜೊತೆ ಫ್ರೀ ಕೊಟ್ಟ ಹಾಗಿತ್ತು, ಈ ವರ್ಷ ದುಡ್ಡು ಕೊಟ್ಟು ತಗೋಬಹುದು." ಆಮೇಲೆ ಬೆನ್ನು ಒಮ್ಮೆಲೇ ಸ್ತಬ್ಧವಾಯಿತು. ಭೂತಗನ್ನಡಿ ಮುಂದೆ ಹೋಯಿತು, ಹಿಂದೆ ಬಂದಿತು. "ಅರೆ. ಇವನು... ಇವನಲ್ಲಿ ಜೀವ ಇದೆ."

ಶಂಕರಪ್ಪನವರ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಬಂತು, ನಗಬೇಡಿ.

"ಉಸಿರು ಬಿಗಿ ಹಿಡಿದಿದಾನೆ ನೋಡಿ ಇವನು," ಎಂದು ಉತ್ತಯ್ಯನವರು ತಮ್ಮಷ್ಟಕ್ಕೆ ಹೇಳಿಕೊಂಡರು. "ಆ ಭುಜ ನೋಡಿ, ಒಂದು ಮೇಲೆ ಒಂದು ಕೆಳಗೆ. ಬೈಸ್ಕೊಂಡು ಬೈಸ್ಕೊಂಡು ಹಾಗಾಗಿದೆ. ಆದ್ರೂ ಕೆಲಸ ಬಿಟ್ಟಿಲ್ಲ, ಪಾಪ. ನಾನಿಷ್ಟು ವರ್ಷದಲ್ಲಿ ಈ ಸೈಜಲ್ಲಿ ಇಂಥ ಮನುಷ್ಯನನ್ನ ನೋಡಿರ್ಲಿಲ್ಲ. ಹೇಗ್ರೀ ಮಾಡಿದ್ರಿ ಇವನನ್ನ?"

"ಅವನ ಮೇಲೇ ಹೆಚ್ಚು ಕಷ್ಟಪಟ್ಟೆ ಸರ್," ಎಂದರು ಶಂಕರಪ್ಪ, ಕಣ್ಣೊರೆಸಿಕೊಂಡು. ಯಾರ ಮೇಲೆ ಎಂದು ಅವರಿಗೇ ಗೊತ್ತಿರಲಿಲ್ಲ. ಚಕ್ರಕ್ಕೆ ಅಡ್ಡ ಇಡುವವನಿರಬೇಕು. "ಎರಡು ತಿಂಗಳು ಅವನೊಬ್ಬನ ಹತ್ರಾನೇ ಕೂತಿದ್ದೆ."

"ಯಾರನ್ನ ನೋಡಿ ಮಾಡಿದ್ರಿ?"

"ಹೀಗೇ ಸರ್, ನಮ್ಮ ಸುತ್ತಮುತ್ತ ಇರೋ ಒಬ್ಬ ಸಾಮಾನ್ಯ ಮನುಷ್ಯನನ್ನ. ಅಂಥವರನ್ನ ಗಮನಿಸೋ ಕಣ್ಣು ಬೇಕು ಅಷ್ಟೇ."

ಪ್ರಕೃತಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡು ಗೋಡೆಗೆ ಒರಗಿದಳು. ಉತ್ತಯ್ಯನವರು ಪಕ್ಕಕ್ಕೆ ಸರಿದು ಭೂತಗನ್ನಡಿಯನ್ನು ಶಂಕರಪ್ಪನವರ ಕೈಗೆ ಕೊಟ್ಟರು. ಶಂಕರಪ್ಪನವರು ಹೆಮ್ಮೆಯಿಂದ ಬಗ್ಗಿ ನೋಡಿದರು. ಆರು ಜನರ ಪಕ್ಕದಲ್ಲಿ ಏಳನೆಯವನೊಬ್ಬ ಇದ್ದ. ಸೊಂಟ ಬಗ್ಗಿಸಿದ್ದ. ಪಟ್ಟೆ ಪೈಜಾಮ, ಮೇಲೆ ಬನಿಯನ್, ಬನಿಯನ್ನಿನ ಹೆಗಲಲ್ಲಿ ಒಂದು ತೂತು. ಕನ್ನಡಕ ಹಣೆಯ ಮೇಲೆ ಏರಿತ್ತು. ಕೈಯಲ್ಲಿ ಬ್ರಷ್ಷು. ನಾಲಿಗೆಯ ತುದಿ ಬಾಯಿಯ ಮೂಲೆಯಿಂದ ಹೊರಗೆ ಇಣುಕುತ್ತಿತ್ತು. ಶಂಕರಪ್ಪನವರು ತಾವೇ ಹಾಕಿಕೊಂಡಿದ್ದ ಪಟ್ಟೆ ಪೈಜಾಮವನ್ನೊಮ್ಮೆ ನೋಡಿಕೊಂಡರು, ಮತ್ತೆ ಗೊಂಬೆಯನ್ನು ನೋಡಿದರು.

ಶಾರದಮ್ಮನವರು ಕಡಲೆಕಾಳು ಉಸಲಿಯ ತಟ್ಟೆಗಳೊಂದಿಗೆ ಬಂದರು.

"ಎರಡು ತಿಂಗಳೇನಿಲ್ಲ ಸರ್," ಎಂದರು ಸಹಜವಾಗಿ. "ಕುಕ್ಕರ್ ಮೂರು ಸೀಟಿ ಹಾಕೋ ಹೊತ್ತಿಗೆ ಆಯ್ತು. ಆರು ಜನ ಸರಿಸಂಖ್ಯೆ ಆಗುತ್ತಲ್ಲ, ನಮ್ಮಲ್ಲಿ ಬೆಸ ಇರ್ಬೇಕು. ಇವರು ಮೇಜಿನ ಮೇಲೆ ಏನೋ ಮೇಣದ ಥರದ್ದು ಕಲಸಿಟ್ಟು ಹೋಗಿದ್ರು, ಒಣಗಿ ಹಾಳಾಗುತ್ತೆ ಅನ್ನಿಸ್ತು. ಅರಿಶಿನದ ಗೌರಿಗೆ ವರ್ಷಾವರ್ಷ ಮೂಗು ತಿದ್ದಿ ಅಭ್ಯಾಸ ಇದೆ. ಹಾಗೇ ಇವರನ್ನೂ ತಿದ್ದಿದೆ." ತಟ್ಟೆಗಳನ್ನು ಮುಂದಿಡುತ್ತ ಸೇರಿಸಿದರು, "ಅಸಲಿಯನ್ನ ತಿದ್ದೋಕಂತೂ ಆಗ್ಲಿಲ್ಲ."

ಬೊಳ್ಳಮ್ಮನವರು ನಕ್ಕು ನಕ್ಕು ಸೋಫಾದಲ್ಲಿ ಕುಸಿದರು. ಶಂಕರಪ್ಪನವರ ಮುಖ ಯಾವ ಬಣ್ಣದ ಡಬ್ಬಿಯಲ್ಲೂ ಸಿಗದ ಬಣ್ಣಕ್ಕೆ ತಿರುಗಿತ್ತು. ಉತ್ತಯ್ಯನವರು ಮಾತ್ರ ನಗಲಿಲ್ಲ. ಮೀಸೆಯನ್ನು ಎರಡೂ ಕಡೆ ತಿರುವಿ, ಗಂಭೀರವಾಗಿ ಶಾರದಮ್ಮನವರ ಮುಂದೆ ನಿಂತರು.

"ಭಾನುವಾರ ಇದನ್ನ ನಮ್ಮ ಪ್ರದರ್ಶನದಲ್ಲಿ ಇಡ್ಬೇಕು ನೀವು."

"ಅಯ್ಯೋ, ಆಗಲ್ಲ ಸರ್. ವಿಜಯದಶಮಿ ಆಗೋವರೆಗೂ ಕದಲಿಸೋ ಹಾಗಿಲ್ಲ."

"ಅಷ್ಟೇ ತಾನೇ? ಪ್ರದರ್ಶನ ಒಂದು ವಾರ ಮುಂದಕ್ಕೆ ಹಾಕಿದ್ರಾಯ್ತು."

ಶಂಕರಪ್ಪನವರು ಬಾಯಿ ತೆರೆದರು. "ಸರ್, ಮತ್ತೆ ರನ್‌ವೇ ಕಾಯಲ್ಲ ಅಂತ..."

"ಮುಂದೂಡಿ ಅಂತ ನೀವೇ ಕೇಳಿದ್ರಲ್ಲಪ್ಪ," ಎಂದರು ಉತ್ತಯ್ಯ, ಉಸಲಿ ಬಾಯಿಗೆ ಹಾಕಿಕೊಳ್ಳುತ್ತ.

ಹೀಗೆ, ಕಾಡಿ ಬೇಡಿ ಕೇಳಿದ್ದ ವಾರ ಶಂಕರಪ್ಪನವರಿಗೆ ಸಿಕ್ಕಿತು. ವಿಜಯದಶಮಿ ಕಳೆದು ಆರು ಜನರೂ ಮಿಗ್ ವಿಮಾನದ ಸುತ್ತ ಡ್ಯೂಟಿಗೆ ಹಾಜರಾದರು. ಏಳನೆಯವನು ಬೇರೆ ಹಲಗೆಯ ಮೇಲೆ, ಒಂದು ಪುಟ್ಟ ಮೇಜಿನ ಮುಂದೆ ಬಗ್ಗಿ ನಿಂತ. ಓಖ್ಲಾದಿಂದ ತಂದ ಪೆಟ್ಟಿಗೆ ಯಾವುದರ ಮೇಲೆ ಮುಚ್ಚಬೇಕೆಂಬ ಚರ್ಚೆಯಲ್ಲಿ ಯಾರು ಗೆದ್ದರೆಂದು ನಾನು ಹೇಳುವುದಿಲ್ಲ. ಮಿಗ್ ವಿಮಾನವನ್ನು ಹಳೇ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಶಂಕರಪ್ಪನವರು ಪ್ರದರ್ಶನವಿದ್ದ ಗ್ರೇಟರ್ ನೋಯ್ಡಾದವರೆಗೂ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತಿದ್ದರು ಎಂದರೆ ಸಾಕು.

ಪ್ರದರ್ಶನದಲ್ಲಿ ಎಲ್ಲರೂ ಏಳನೆಯವನ ಮುಂದೆಯೇ ಗುಂಪುಗಟ್ಟಿದರು. ಒಬ್ಬೊಬ್ಬರೂ ಬಗ್ಗಿ ನೋಡುವುದು, ಅಲ್ಲೇ ನಿಂತಿದ್ದ ಶಂಕರಪ್ಪನವರನ್ನು ನೋಡುವುದು, ಮತ್ತೆ ಬಗ್ಗುವುದು. ಬನಿಯನ್ನಿನ ತೂತಿನ ಬಗ್ಗೆ ಅಪರಿಚಿತರು ಕೂಡ ವಿಚಾರಿಸಿದರು. ಮೊದಲ ಬಹುಮಾನ ಯಾರಿಗೆಂದು ಕೇಳುವ ಅಗತ್ಯವೇ ಇರಲಿಲ್ಲ. ಶಾರದಮ್ಮನವರು ರೇಷ್ಮೆ ಸೀರೆಯ ಸೆರಗು ಹೊದ್ದು ವೇದಿಕೆ ಹತ್ತಿ, ಮೈಕಿನಲ್ಲಿ, "ಇದಕ್ಕೆಲ್ಲಾ ನಮ್ಮನೆಯವರೇ ಕಾರಣ," ಎಂದರು. ಚಪ್ಪಾಳೆ ಬಿತ್ತು. ಶಂಕರಪ್ಪನವರಿಗೆ ಹೊಟ್ಟೆಯಲ್ಲಿ ಉರಿಯೂ ಆಯಿತು, ಹೆಂಡತಿಯ ಮುಖದ ಹಿಗ್ಗು ನೋಡಿ ಹಿತವೂ ಆಯಿತು. ಯಾವುದು ಎಷ್ಟು ಪಾಲು ಎಂದು ಅವರಿಗೇ ತಿಳಿಯಲಿಲ್ಲ.

ಆಗ ಹೃಷಿಕೇಶ್ ಕ್ಯಾಮೆರಾ ಹಿಡಿದು ಬಂದ. "ಅಂಕಲ್, ಗೊಂಬೆ ಪಕ್ಕದಲ್ಲಿ ನಿಂತ್ಕೊಳ್ಳಿ ನಾ, ಪ್ಲೀಸ್. ಕ್ಲಬ್ ಪೇಜಿಗೆ ಹಾಕ್ತೀವಿ. ಥೋಡಾ ಬಗ್ಗಿ. ಕನ್ನಡಕ ಮೇಲೆ. ನಾಲಿಗೆ ಸ್ವಲ್ಪ ಹೊರಗೆ."

"ನಾನ್ಯಾಕಪ್ಪ?"

"ಬಗ್ಗಿ ಅಂದ್ರೆ, ಮಕ್ಕಳು ಕೇಳ್ತಿದಾರೆ," ಎಂದರು ಶಾರದಮ್ಮ, ಬಹುಮಾನದ ಕಪ್ಪನ್ನು ಎದೆಗೊತ್ತಿಕೊಂಡು.

ಶಂಕರಪ್ಪನವರು ಬಗ್ಗಿದರು. ಕನ್ನಡಕ ಹಣೆಗೇರಿಸಿದರು. ನಾಲಿಗೆಯ ತುದಿ ತೋರಿಸಿದರು. ಉತ್ತಯ್ಯನವರು ಗುಂಪನ್ನು ಸರಿಸಿಕೊಂಡು ಬಂದು ಭೂತಗನ್ನಡಿಯನ್ನು ಮೊದಲು ಗೊಂಬೆಯ ಮುಖಕ್ಕೆ, ಆಮೇಲೆ ಶಂಕರಪ್ಪನವರ ಮುಖಕ್ಕೆ ಹಿಡಿದರು. ಎರಡನ್ನೂ ತುಂಬಾ ಹೊತ್ತು, ನ್ಯಾಯವಾಗಿ, ಹೋಲಿಸಿ ನೋಡಿದರು.

"ಇದರಲ್ಲಿ ಜೀವ ಸ್ವಲ್ಪ ಕಮ್ಮಿ," ಎಂದರು.

ಶಂಕರಪ್ಪನವರು ನಾಲಿಗೆಯನ್ನು ಇನ್ನೂ ಸ್ವಲ್ಪ ಹೊರಗೆ ಚಾಚಿದರು.